ಕಾಲಿಗೆ ಕೆಲಸವಿಲ್ಲದ ಮಗ್ಗ

ವಾಸನೆ ನೆನಪನ್ನು ಎಬ್ಬಿಸುತ್ತದೆ ಅನ್ನುವುದನ್ನು ನಾನು ನಂಬಿದವನಲ್ಲ. ಬರೆಯುವವರಿಗೆ ಶುರುಮಾಡಲು ಬೇರೆ ದಾರಿ ಕಾಣದಾಗ ಹೂಡುವ ಆಟ ಅದು ಎಂದು ವಾದಿಸುತ್ತಿದ್ದೆ. ಹೋದ ವಾರ ದೊಡ್ಡಬಳ್ಳಾಪುರದಲ್ಲಿ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದೆ ನೋಡಿ, ಹುಳಿಯಾಡಿದ ಅಕ್ಕಿಗಂಜಿಯ ವಾಸನೆ ಮೂಗಿಗೆ ಬಡಿಯಿತು. ನನ್ನ ಬಲಗೈ ತಾನಾಗಿಯೇ ಸೊಂಟದ ಎತ್ತರಕ್ಕೆ ಎದ್ದು, ಏನನ್ನೋ ಹಿಡಿಯುವ ಹಾಗೆ ಬೆರಳು ಮಡಿಸಿಕೊಂಡಿತು. ವಾದದಲ್ಲಿ ಸೋತರೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡೆ.

ನಮ್ಮ ಬೀದಿಯಲ್ಲಿ ಈಗ ನೂಲಿಗೆ ಗಂಜಿ ಕಾಯಿಸುವ ಮನೆ ಒಂದೇ ಒಂದು ಉಳಿದಿದೆ. ಮಿಕ್ಕವರೆಲ್ಲ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ಮುಚ್ಚಿ ಪವರ್‌ಲೂಮ್ ಹಾಕಿಸಿದ್ದಾರೆ. ನನ್ನ ದೊಡ್ಡಪ್ಪನ ಮಗ ಗಂಗಾಧರ ನಾಲ್ಕು ಹಾಕಿಸಿದ್ದಾನೆ. ಒಳಗೆ ಹೋದರೆ ಆ ಖಟಖಟ ಸದ್ದಿನ ನಡುವೆ ಅವನು ಬನಿಯನ್ನಿನಲ್ಲಿ ಒಂದು ಮಗ್ಗದಿಂದ ಇನ್ನೊಂದಕ್ಕೆ ಓಡಾಡುತ್ತಿದ್ದ, ಎಡಗಾಲನ್ನು ಒಂದಿಷ್ಟು ಎತ್ತಿ ಹಾಕುತ್ತಾ.

"ಏನಪ್ಪಾ ಲಾಯರ್ರೇ! ನಿನಗಿಂತ ಮೊದಲು ನಿನ್ನ ಹೊಟ್ಟೆ ಒಳಗೆ ಬಂತಲ್ಲೋ!"

"ಕೂತು ಮಾಡೋ ಕೆಲಸ ಕಣೋ," ಅಂದೆ. ಬೆಂಗಳೂರಿನ ವಕೀಲರೊಬ್ಬರ ಕೈಕೆಳಗೆ ಫೈಲು ನೋಡಿಕೊಂಡು ನನಗೆ ಇಪ್ಪತ್ತು ವರ್ಷವಾಯಿತು.

"ಕೂತರೆ ಏನಾಗುತ್ತೆ ಅಂತ ನನಗೆ ಹೇಳ್ತೀಯಾ?" ಅಂದು ನಕ್ಕ. ಕತ್ತಿನ ಕೆಳಗೆ ಬಿಳಿ ಮಚ್ಚೆಯಂತಿರುವ ಗುರುತು ನಗುವಿನ ಜೊತೆ ಮೇಲೆ ಕೆಳಗೆ ಆಡಿತು. ನಾಲ್ಕು ಮಗ್ಗದ ನಡುವೆ ದಿನಕ್ಕೆ ಎಷ್ಟು ಮೈಲಿ ನಡೆಯುತ್ತಾನೋ, ಮೈ ಕಡೆದ ಹಾಗಿದೆ. ನನ್ನ ಹೊಟ್ಟೆಯೊಳಗೆ ಹಳೆಯ ಕೆಂಡವೊಂದು ಕಣ್ಣು ಬಿಟ್ಟಿತು. ಇವನು ಕೂತರೂ ನನಗೆ ಉರಿ, ನಡೆದರೂ ಉರಿ. ಇದರಲ್ಲಿ ತರ್ಕವಿಲ್ಲ ಎಂದು ನನಗೇ ಗೊತ್ತು.

ಗಂಗ ನನಗಿಂತ ಹದಿನೇಳು ದಿನ ದೊಡ್ಡವನು. ನಾನು ಹುಟ್ಟುವಷ್ಟರಲ್ಲಿ ಮನೆಯಲ್ಲಿ ಎಲ್ಲವೂ ಅವನ ಪಾಲಾಗಿತ್ತು. ಮರದ ತೊಟ್ಟಿಲಿನಲ್ಲಿ ಅವನಿದ್ದ, ನನಗೆ ಹಳೆ ಸೀರೆಯ ಜೋಲಿ ಕಟ್ಟಿದರು. ತಾತನ ಹೆಸರು ಅವನಿಗೆ ಹೋಯಿತು, ನನಗೆ ಸೀನ ಅಂತ ಇಟ್ಟರು, ಬೀದಿಯಲ್ಲಿ ಆಗಲೇ ಮೂರು ಜನ ಸೀನಂದಿರಿದ್ದರು. ಹನ್ನೆರಡು ವರ್ಷಕ್ಕೆ ನಮ್ಮಿಬ್ಬರ ಕೈಗೂ ಒಟ್ಟಿಗೇ ಗಂಜಿಯ ಕುಂಚ ಕೊಟ್ಟರು.

ಆ ಕುಂಚದ ವಿಷಯ ಈಗಲೇ ಹೇಳಿಬಿಡಬೇಕು. ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಬೀದಿಯ ಈ ತುದಿಯಿಂದ ಆ ತುದಿಗೆ, ಸೊಂಟದ ಎತ್ತರಕ್ಕೆ ಎಳೆದು ಕಟ್ಟುತ್ತಾರೆ. ಬಿಸಿಲೇರುವ ಮೊದಲು ಅದಕ್ಕೆ ಗಂಜಿ ಸವರಬೇಕು. ನಾರಿನ ಉದ್ದನೆಯ ಕುಂಚವನ್ನು ಹಾಸಿನ ಅಡ್ಡಕ್ಕೆ ಇಟ್ಟು, ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡಿದುಕೊಂಡು ಸಮಸಮ ಹೆಜ್ಜೆ ಹಾಕುತ್ತಾ ಬೀದಿಯುದ್ದಕ್ಕೂ ನಡೆಯಬೇಕು. ಒಬ್ಬ ಅರ್ಧ ಹೆಜ್ಜೆ ಮುಂದಾದರೂ ಕುಂಚ ಓರೆಯಾಗಿ ಎಳೆ ಹರಿಯುತ್ತದೆ. ನಡುವೆ ನಿಲ್ಲುವ ಹಾಗಿಲ್ಲ. ನಿಂತ ಕಡೆ ಗಂಜಿ ಗಟ್ಟಿಯಾಗಿ ಎಳೆಗಳು ಒಂದಕ್ಕೊಂದು ಅಂಟಿಕೊಂಡರೆ ಆ ಹಾಸು ತಿಪ್ಪೆಗೆ. ಅದಕ್ಕೇ ನಮ್ಮ ಬೀದಿಯಲ್ಲಿ ಕುಂಚ ಹಿಡಿದವನನ್ನು ಯಾರೂ ಮಾತಾಡಿಸುವುದಿಲ್ಲ. ಗಾಡಿಯವನು ಎತ್ತು ನಿಲ್ಲಿಸಿಕೊಂಡು ಕಾಯುತ್ತಾನೆ. ಸಾವಿನ ಸುದ್ದಿ ತಂದವನು ಕೂಡ ಜಗಲಿ ಮೇಲೆ ಕೂತು, ಕುಂಚ ಆ ತುದಿ ಮುಟ್ಟಿದ ಮೇಲೆ ಬಾಯಿ ಬಿಡುತ್ತಾನೆ.

ಮೊದಲ ದಿನವೇ ಗಂಗನೂ ನಾನೂ ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೋಗಿ ಮುಷ್ಟಿ ತುಂಬ ಎಳೆ ಹರಿದೆವು. ದೊಡ್ಡಪ್ಪ ಇಬ್ಬರಿಗೂ ಒಂದೇ ಕೋಲಿನಲ್ಲಿ ಬಾರಿಸಿದರು. ನನಗೆ ಎರಡು ಏಟು ಜಾಸ್ತಿ ಬಿತ್ತೆಂದು ನಾನು ಇವತ್ತಿಗೂ ವಾದಿಸುತ್ತೇನೆ.

ಎಪ್ಪತ್ತರ ದಶಕದ ಮೊದಲಲ್ಲಿ ಇಬ್ಬರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗತೊಡಗಿದೆವು. ಅಲ್ಲಿ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಯಿತು. ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬ ವಿಷಯದ ಪರ, ಇನ್ನೊಬ್ಬ ವಿರುದ್ಧ. ಇಬ್ಬರ ಅಂಕ ಸೇರಿಸಿ ಷೀಲ್ಡು. ನಮ್ಮ ಕಾಲೇಜಿನ ಇಬ್ಬರು ನಾವೇ. ನಾನು ಅಂಶಗಳನ್ನು ಗಂಟುಹಾಕಿ ಜೋಡಿಸುವವನು. ಅವನಿಗೆ ಇದ್ದದ್ದು ಕಂಠ. ಸಭೆಯ ಕೊನೆಯ ಬೆಂಚಿನವನ ಎದೆಗೂ ತಾಗುವ ಕಂಠ. ನನ್ನ ಅಂಶಗಳಿಗೆ ತೀರ್ಪುಗಾರರು ತಲೆಯಾಡಿಸುತ್ತಿದ್ದರು, ಅವನ ಕಂಠಕ್ಕೆ ಚಪ್ಪಾಳೆ ಬೀಳುತ್ತಿತ್ತು. ಆ ಎರಡರಲ್ಲಿ ಯಾವುದು ದೊಡ್ಡದು ಅಂತ ರೈಲಿನಲ್ಲಿ ಯಲಹಂಕದಿಂದ ಊರಿನ ತನಕ ಜಗಳ.

ಕಾಲೇಜಿನ ಎರಡನೇ ವರ್ಷ ಆಷಾಢದ ಗಾಳಿಮಳೆಗೆ ಮಗ್ಗದ ಕುಣಿಯಲ್ಲಿ ನೀರು ಜಿನುಗಿತು. ಅದನ್ನು ತೋಡಿ ಹಾಕಲು ಇಳಿದ ಗಂಗ ತುಕ್ಕು ಹಿಡಿದ ಮೊಳೆ ತುಳಿದ. ಅವನಮ್ಮ, ನನ್ನ ದೊಡ್ಡಮ್ಮ, ಅರಿಶಿನ ಸುಣ್ಣ ಮೆತ್ತಿದಳು. ಎಂಟನೇ ದಿನ ಊಟಕ್ಕೆ ಕೂತವನಿಗೆ ಮುದ್ದೆಯ ತುತ್ತು ಹಾಕಿಕೊಳ್ಳಲು ಬಾಯಿ ತೆರೆಯಲಾಗಲಿಲ್ಲ. ಹಲ್ಲುನೋವೆಂದು ಲವಂಗ ಇಟ್ಟರು. ಸಂಜೆಗೆ ಬೆನ್ನು ಬಿಲ್ಲಿನ ಹಾಗೆ ಬಾಗಿ, ಹಿಮ್ಮಡಿ ಮತ್ತು ತಲೆ ಮಾತ್ರ ಚಾಪೆಗೆ ತಾಗುತ್ತಿತ್ತು. ಧನುರ್ವಾಯು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವನ ಜೊತೆ ಇದ್ದವನು ನಾನು, ಇಂಗ್ಲಿಷು ಬರುತ್ತದೆಂಬ ಕಾರಣಕ್ಕೆ. ಅವನನ್ನು ಕತ್ತಲೆ ಕೋಣೆಯಲ್ಲಿಟ್ಟು ಕಿವಿಗೆ ಹತ್ತಿ ತುರುಕಿದ್ದರು. ಬೆಳಕು ಬಿದ್ದರೆ, ಚಮಚ ಬಿದ್ದರೆ, ಹೊದಿಕೆ ಸರಿದರೆ ಸಾಕು, ಮೈ ಸೆಟೆದುಕೊಂಡು ಉಸಿರು ಕಟ್ಟುತ್ತಿತ್ತು. ನರ್ಸುಗಳು ಬರಿಗಾಲಿನಲ್ಲಿ ಓಡಾಡುತ್ತಿದ್ದರು. ನಾಲ್ಕನೇ ದಿನ ಗಂಟಲ ಕೆಳಗೆ ತೂತು ಮಾಡಿ ಕೊಳವೆ ಇಟ್ಟು, ಉಸಿರಾಡಿಸುವ ಯಂತ್ರಕ್ಕೆ ಜೋಡಿಸಿದರು. ಬಾಗಿಲಿನ ಗಾಜಿನ ಕಿಂಡಿಯಿಂದ ನೋಡುತ್ತಾ, ದೇವರಿಲ್ಲವೆಂದು ಎರಡು ಬಹುಮಾನ ಗೆದ್ದಿದ್ದ ನಾನು ಘಾಟಿ ಸುಬ್ರಹ್ಮಣ್ಯನಿಗೆ ಮುಡಿ ಕೊಡುತ್ತೇನೆಂದು ಹೇಳಿಕೊಂಡೆ. ಆಮೇಲೆ ಕೊಟ್ಟೆ ಕೂಡ. ಯಾರಿಗೂ ಕಾರಣ ಹೇಳಲಿಲ್ಲ, ಹೇನಾಗಿತ್ತು ಅಂದೆ.

ಅವನು ಬದುಕುತ್ತಾನೆ ಎಂದು ತಿಳಿದ ದಿನವೇ ಇನ್ನೊಂದು ಶುರುವಾಯಿತು. ದೊಡ್ಡ ಡಾಕ್ಟರು ದಿನಾ ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು ಅವನ ಮಂಚದ ಸುತ್ತ ನಿಲ್ಲಿಸುತ್ತಿದ್ದರು. ಎಲ್ಲರ ಕಣ್ಣೂ ಅವನ ಮೇಲೆ. ಕೆಮ್ಮು ಬಂದವನು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡುತ್ತಿದ್ದ. ಬಾಯಲ್ಲಿ ಒಂದು ಶಬ್ದವಿಲ್ಲದೆ ಇವನು ಸಭೆ ಗೆದ್ದಿದ್ದಾನಲ್ಲ ಎಂದುಕೊಂಡೆ. ಸಾವಿನ ಬಾಯಿಂದ ಬಂದವನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರಾ ಎಂದು ಕೇಳಬೇಡಿ. ನಾನು ಪಟ್ಟಿದ್ದೇನೆ.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಅದರ ಸಾರಾಂಶ ಇಷ್ಟು: ಬದುಕಿಸುವ ಕೆಲಸ ನಮ್ಮದು, ಮುಗಿಯಿತು, ನಡೆಸುವ ಕೆಲಸ ನಿಮ್ಮದು. ಇವತ್ತು ಹತ್ತು ಹೆಜ್ಜೆ, ನಾಳಿದ್ದು ಇಪ್ಪತ್ತು. ಕೂತೇ ಇದ್ದರೆ ಹಿಮ್ಮಡಿಯ ನರ ಮೊಟಕಾಗಿ ಪಾದ ನೆಲ ಮುಟ್ಟುವುದಿಲ್ಲ.

ನವರಾತ್ರಿಯ ಹೊತ್ತಿಗೆ ಮನೆಗೆ ಬಂದೆವು. ದೊಡ್ಡಪ್ಪ ಎಲ್ಲಿಂದಲೋ ಕ್ಯಾನ್ವಾಸಿನ ಆರಾಮಕುರ್ಚಿ ತಂದು ಮಗ್ಗದ ಪಕ್ಕ, ಬೀದಿ ಕಾಣುವ ಹಾಗೆ ಹಾಕಿದ್ದರು. ನಾವು ನೇಕಾರರು. ಎದ್ದೇಳದೆ ಎಲ್ಲವೂ ಕೈಗೆ ಸಿಗುವ ಹಾಗೆ ಜೋಡಿಸಿಕೊಳ್ಳುವುದು ನಮ್ಮ ರಕ್ತದಲ್ಲಿದೆ. ಮಗ್ಗದಲ್ಲಿ ಕೂತವನಿಗೆ ಲಾಳಿ, ನೂಲಿನ ಕಂಡಿಕೆ, ಕತ್ತರಿ, ನೀರಿನ ಚೊಂಬು ಎಲ್ಲವೂ ಒಂದು ಗೇಣಿನ ಅಳತೆಯಲ್ಲಿರುತ್ತವೆ. ದೊಡ್ಡಪ್ಪ ತಮ್ಮ ವಿದ್ಯೆಯನ್ನೆಲ್ಲ ಆ ಕುರ್ಚಿಗೆ ಸುರಿದರು. ಬಲಕ್ಕೆ ನೀರು, ಎಡಕ್ಕೆ ಉಗುಳುವ ಡಬ್ಬಿ. ಒಂದು ಹಗ್ಗ ಎಳೆದರೆ ಅಡುಗೆಮನೆಯಲ್ಲಿ ಗಂಟೆ. ಇನ್ನೊಂದು ಎಳೆದರೆ ಕಿಟಕಿ ಬಾಗಿಲು. ಕಾಲಿಡಲು ಹತ್ತಿ ತುಂಬಿದ ಮೂಟೆ. ಬಂದವರೆಲ್ಲ "ಏನು ಜೋಡಣೆ ಅಂತೀನಿ!" ಎಂದು ಹೊಗಳುತ್ತಿದ್ದರು. ಜೋಡಣೆಯಲ್ಲಿ ಒಂದೇ ಒಂದು ಬಿಟ್ಟುಹೋಗಿತ್ತು. ಕುಣಿಮಗ್ಗದಲ್ಲಿ ಕೂತವನು ದಿನವಿಡೀ ಕಾಲಲ್ಲಿ ಹಲಗೆ ತುಳಿಯುತ್ತಿರುತ್ತಾನೆ. ಇದು ಕಾಲಿಗೆ ಕೆಲಸವಿಲ್ಲದ ಮಗ್ಗ.

ಮತ್ತೆ ಜನ! ಬೀದಿಯ ಹೆಂಗಸರು ಬಂದು ಅವನ ಕಾಲ ಬಳಿ ಕೂರುವುದೇನು, ಬಾದಾಮಿ ಹಾಲು, ಕೆನೆ ಮೊಸರು ಏನು. ಅವನ ಕಂಠ ಹೋಗಿತ್ತು, ಪಿಸುಗುಟ್ಟುವಷ್ಟೇ ದನಿ. ಆ ಪಿಸುಮಾತು ಕೇಳಿಸಿಕೊಳ್ಳಲು ಹತ್ತು ಜನ ಉಸಿರು ಬಿಗಿಹಿಡಿದು ಬಗ್ಗುತ್ತಿದ್ದರು. ನಾನು ಜೀವಮಾನದಲ್ಲಿ ಯಾರನ್ನೂ ಅಷ್ಟು ಬಗ್ಗಿಸಿರಲಿಲ್ಲ. ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ನೆಲದ ಮೇಲೆ ಮಲಗಿ ಬಂದ ನನ್ನ ಪಾಲಿಗೆ ಬಂದದ್ದು ಅವನು ಕುಡಿದು ಬಿಟ್ಟ ಲೋಟ ತೊಳೆಯುವ ಕೆಲಸ.

ಬಂದ ಮೂರನೇ ದಿನ, ಎಲ್ಲರೂ ಊಟಕ್ಕೆ ಕೂತಾಗ ಡಾಕ್ಟರ ಮಾತು ಹೇಳಿದೆ. ಹೇಗೆ ಹೇಳಿದೆ ಅನ್ನುವುದೇ ಮುಖ್ಯ. "ಮೊದಲನೆಯದಾಗಿ," ಎಂದು ಬೆರಳು ಎತ್ತಿ ಶುರುಮಾಡಿದೆ. ಎರಡನೆಯದಾಗಿ ಎನ್ನುವಾಗ ದನಿ ಏರಿತು. ಮೂರನೆಯದಕ್ಕೆ ಅವನ ಕಾಲಡಿಯ ಹತ್ತಿಮೂಟೆಯನ್ನು ತೋರಿಸಿ, "ಇದು ಆರೈಕೆಯಲ್ಲ, ಸೋಮಾರಿತನಕ್ಕೆ ಸಿಂಹಾಸನ" ಎಂದು ಮುಗಿಸಿದೆ. ನಿಜವಾದ ಸಭೆಯಾಗಿದ್ದರೆ ಚಪ್ಪಾಳೆ ಬೀಳಬೇಕಾದ ಜಾಗ.

ದೊಡ್ಡಮ್ಮ ಸಾರಿನ ಸೌಟು ಹಾಗೇ ಹಿಡಿದು ನನ್ನನ್ನು ನೋಡಿದಳು. "ಯಮನ ಮನೆ ಹೊಸ್ತಿಲು ಮೆಟ್ಟಿ ಬಂದವನು ಕಣೋ. ಅಷ್ಟು ದೂರ ನಡೆದದ್ದು ಸಾಲದಾ?"

"ನನ್ನ ಮಾತಲ್ಲ ದೊಡ್ಡಮ್ಮ, ಡಾಕ್ಟರ ಮಾತು."

"ಡಾಕ್ಟರ ಮಾತನ್ನ ಅಷ್ಟು ಖುಷಿಯಾಗಿ ಯಾಕೋ ಹೇಳ್ತೀಯಾ?"

ಎತ್ತಿದ್ದ ಬೆರಳನ್ನು ನಾನು ಇಳಿಸಿದೆ.

"ಹೊಟ್ಟೆಕಿಚ್ಚು ನಿನಗೆ. ಆ ಕುರ್ಚಿ ಮೇಲೆ ಕಣ್ಣು," ಅಂದು ಅವಳು ಅವನ ತಟ್ಟೆಗೆ ತುಪ್ಪ ಬಡಿಸಿದಳು. ನಮ್ಮಪ್ಪನೂ ತಲೆ ಎತ್ತಲಿಲ್ಲ. ಗಂಗ ಮಾತ್ರ ನನ್ನನ್ನೇ ನೋಡುತ್ತಿದ್ದ.

ಸ್ಪರ್ಧೆಯಲ್ಲಿ ತೀರ್ಪುಗಾರರು ನೀನು ಹೇಳಿದ್ದು ಸರಿಯೋ ತಪ್ಪೋ ನೋಡುತ್ತಾರೆ, ಯಾಕೆ ಹೇಳಿದೆ ಎಂದು ಕೇಳುವುದಿಲ್ಲ. ಮನೆಯಲ್ಲಿ ಕೇಳುವುದು ಅದೊಂದನ್ನೇ. ನನ್ನ ವಾದ ನೂರಕ್ಕೆ ನೂರು ಸರಿಯಿತ್ತು. ದೊಡ್ಡಮ್ಮ ಹೇಳಿದ್ದೂ ಅಷ್ಟೇ ಸರಿಯಿತ್ತು. ಆಮೇಲೆ ನಾನು ಬಾಯಿ ಬಿಟ್ಟಾಗಲೆಲ್ಲ ಅವಳಿಗೆ ಕೇಳಿಸಿದ್ದು ಡಾಕ್ಟರಲ್ಲ, ನನ್ನ ಉರಿ.

ಕಾರ್ತೀಕದಲ್ಲಿ ಒಂದು ದಿನ ಅವನನ್ನು ಎತ್ತಿ ಬಚ್ಚಲಿಗೆ ಕೂರಿಸುವಾಗ ಕಾಲು ನೋಡಿದೆ. ಮೀನಖಂಡ ಬತ್ತಿ ಕೋಲಾಗಿತ್ತು. ಎಡ ಹಿಮ್ಮಡಿ ಕಲ್ಲಿಗೆ ತಾಗುತ್ತಿರಲಿಲ್ಲ, ಎರಡು ಬೆರಳು ತೂರಿಸುವಷ್ಟು ಮೇಲೆ ನಿಂತಿತ್ತು. ಹೊಟ್ಟೆ ಮಾತ್ರ ಮಡಿಕೆಯಾಗಿತ್ತು. ಡಾಕ್ಟರು ಹೇಳಿದ್ದು ಕಣ್ಣೆದುರು ಆಗುತ್ತಿತ್ತು. ಎರಡು ದಿನ ಕಳೆದು ಮತ್ತೆ ಹೇಳಬೇಕೆಂದೇ ಇದ್ದೆ.

ಅದರ ಮಾರನೇ ದಿನ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಕರೆದರು. ಚರ್ಚೆಗೆ ನಮ್ಮನ್ನು ತಯಾರು ಮಾಡುತ್ತಿದ್ದವರು ಅವರೇ.

"ಸಂಕ್ರಾಂತಿ ಆದ ಮೇಲೆ ಅಂತರ ಕಾಲೇಜು ಸ್ಪರ್ಧೆ. ಗಂಗಾಧರನ ಹೆಸರು ಹಾಗೇ ಇಟ್ಟಿದೀನಿ. ಐದು ನಿಮಿಷ ಎದ್ದು ನಿಂತರೆ ಸಾಕಪ್ಪಾ. ದನಿ ಸಣ್ಣದಾದರೆ ಮೈಕಿದೆ. ನಿಲ್ತಾನಾ?"

ಆ ಸಭೆ ನನ್ನ ಕಣ್ಣಿಗೆ ಕಟ್ಟಿತು. ಕತ್ತಿನಲ್ಲಿ ತೂತಿನ ಗುರುತಿಟ್ಟುಕೊಂಡು ಇವನು ಮೈಕಿನ ಮುಂದೆ ನಿಲ್ಲುತ್ತಾನೆ, ಪಿಸುಗುಡುತ್ತಾನೆ, ಇಡೀ ಸಭೆ ಬಗ್ಗುತ್ತದೆ. ನನ್ನ ಅಂಶಗಳನ್ನು ಕೇಳುವವರಾರು?

"ಆಗಲ್ಲ ಸಾರ್. ಅವನು ಏಳೋ ಹಾಗಿಲ್ಲ," ಅಂದೆ.

ಹೇಳಿದಾಗ ಹಿತವಾಯಿತು. ಅಂದಿನಿಂದ ಮನೆಯಲ್ಲಿ ಡಾಕ್ಟರ ಮಾತು ಎತ್ತುವುದನ್ನು ಬಿಟ್ಟುಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಎದುರಿಗಿಟ್ಟಿದ್ದ ಟ್ರಾನ್ಸಿಸ್ಟರ್ ರೇಡಿಯೋದ ದನಿ ಏರಿಸಲು ಅವನು ಕುರ್ಚಿಯಿಂದ ಮುಂದೆ ಬಗ್ಗಬೇಕಿತ್ತು. ದಿನದಲ್ಲಿ ಅವನ ಮೈ ಅಲುಗುತ್ತಿದ್ದದ್ದು ಅದೊಂದಕ್ಕೇ. ನಾನು ಗಟ್ಟಿ ದಾರ ತಂದು, ಗುಂಡಿಗೆ ಸುತ್ತಿ, ಅದರ ತುದಿಯನ್ನು ಕುರ್ಚಿಯ ಕೈಗೆ ಕಟ್ಟಿಕೊಟ್ಟೆ. ಇನ್ನು ಬೆರಳಾಡಿಸಿದರೆ ಸಾಕು.

ದೊಡ್ಡಮ್ಮ ನನ್ನ ತಲೆ ಸವರಿದಳು. "ನೋಡು, ಈಗ ಬುದ್ಧಿ ಬಂತು ನನ್ನ ಕಂದನಿಗೆ." ಬಾದಾಮಿ ಹಾಲಿನ ದೊಡ್ಡ ಲೋಟ ನನಗೂ ಬಂತು. ಅದನ್ನು ಬಯಸಿ ಬಯಸಿ ಕೂತಿದ್ದವನು ನಾನು. ಕುಡಿದೆ. ಗಂಗ ಆ ದಾರವನ್ನು ನೋಡಿದ, ನನ್ನನ್ನು ನೋಡಿದ, ಬೆರಳಿಗೆ ಸುತ್ತಿಕೊಂಡು ಎಳೆದ.

ಸ್ಪರ್ಧೆಯ ವಿಷಯ ಗೊತ್ತಾಯಿತು: 'ಯಂತ್ರ ಬಂದರೆ ಕೈಕಸುಬಿನವನಿಗೆ ಕೇಡು.' ಬೀದಿಯಲ್ಲಿ ಆಗಲೇ ಎರಡು ಪವರ್‌ಲೂಮ್ ಬಂದಿದ್ದವು, ಜನರ ಬಾಯಲ್ಲೂ ಅದೇ ಮಾತು. ಗಂಗನ ಜಾಗಕ್ಕೆ ಹಾಕಿಕೊಂಡ ಹುಡುಗನಿಗೆ ತಯಾರಿಯೇ ಇರಲಿಲ್ಲ. ನಾನು ದಿನಾ ಸಂಜೆ ನಡುಮನೆಯಲ್ಲಿ ಎರಡೂ ಪಕ್ಷ ನಾನೇ ಮಾತಾಡಿ ನೋಡುತ್ತಿದ್ದೆ. ಗಂಗ ದಾರ ಎಳೆದು ರೇಡಿಯೋ ಜೋರು ಮಾಡುತ್ತಿದ್ದ.

ಒಂದು ಸಂಜೆ ನಾನು ಕೈಯೆತ್ತಿ ಹೇಳಿದೆ: "ಯಂತ್ರಕ್ಕೆ ಹಸಿವಿಲ್ಲ ಎನ್ನುತ್ತೀರಿ. ಹಸಿವಿಲ್ಲದವನ ಕೈಯಲ್ಲಿ ನೇಯ್ದ ಬಟ್ಟೆಗೆ ಮಾನ ಮುಚ್ಚುವುದು ಗೊತ್ತೇ?"

ರೇಡಿಯೋ ನಿಂತಿತು.

"ಲೇ. ಅದು ನನ್ನ ಮಾತು."

ಹೌದು, ಹಿಂದಿನ ವರ್ಷ ರೈಲಿನಲ್ಲಿ ಅವನು ಆಡಿದ ಮಾತು. "ನೀನು ಆಡಲ್ವಲ್ಲ," ಅಂದೆ. "ಬಿದ್ದಿರೋ ಮಾತು ಎತ್ಕೊಂಡೆ."

"ಅದನ್ನ ಹಾಗೆ ಕೂಗಬಾರದು ಕಣೋ ದಡ್ಡ. ಮಾನ ಅನ್ನೋ ಕಡೆ ನಿಲ್ಲಿಸಬೇಕು. ಕೆಡಿಸ್ತಿದೀಯ."

"ನಾನು ಹೀಗೇ ಹೇಳೋದು. ಚಪ್ಪಾಳೆ ನನಗೇ ಬೀಳೋದು. ಕೂತ್ಕೊಂಡು ಕೇಳು."

ಅವನು ಎದ್ದ. ಕುರ್ಚಿಯ ಕೈ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಎದ್ದೇ ಬಿಟ್ಟ. ನನ್ನ ಕಡೆಗೆ ಒಂದು ಹೆಜ್ಜೆ. ಎರಡನೇ ಹೆಜ್ಜೆಗೆ ಹಿಮ್ಮಡಿ ನೆಲ ಹುಡುಕಿತು, ಸಿಗಲಿಲ್ಲ. ಮಗ್ಗದ ಕುಣಿಯ ಅಂಚಿಗೆ ದೊಪ್ಪನೆ ಬಿದ್ದ.

ದೊಡ್ಡಮ್ಮ ಎದೆ ಬಡಿದುಕೊಂಡು ಓಡಿಬಂದಳು. ನನಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಇನ್ನು ಅವನು ಕುರ್ಚಿ ಬಿಟ್ಟು ಏಳಕೂಡದೆಂದು ಅವಳು ದೇವರ ಮುಂದೆ ದೀಪ ಹಚ್ಚಿ ಆಣೆ ಹಾಕಿದಳು.

ಮಾರನೇ ಸಂಜೆ ಗಂಡಸರು ಮಗ್ಗ ಬಿಟ್ಟು ಹೊರಗೆ ಹೋದ ಮೇಲೆ, ಅವಳು ನಲ್ಲಿ ನೀರಿಗೆ ಹೋದಾಗ ನಾವಿಬ್ಬರೇ ಇದ್ದೆವು. ಅವನ ಮಂಡಿ ತರಚಿ ಊದಿತ್ತು. ನಾನು ನೆಲ ನೋಡಿಕೊಂಡು ಹೇಳಿದೆ:

"ಮೇಷ್ಟ್ರು ನಿನ್ನ ಹೆಸರು ಇಟ್ಟಿದ್ದರು. ಆಗಲ್ಲ ಅಂತ ನಾನೇ ಅಂದುಬಿಟ್ಟೆ. ಆಮೇಲೆ ಏಳು ಅಂತ ಹೇಳೋದನ್ನೂ ಬಿಟ್ಟೆ."

"ಗೊತ್ತು. ದಾರ ಕಟ್ಟಿದ ದಿನವೇ ಗೊತ್ತಾಯ್ತು. ನೀನು ನನಗೆ ಪುಕ್ಕಟೆ ಉಪಕಾರ ಮಾಡೋನಾ?"

"ಮತ್ತೆ ಯಾಕೋ ಸುಮ್ಮನಿದ್ದೆ?"

ಅವನು ಊದಿದ ಮಂಡಿಯನ್ನು ಸವರಿಕೊಂಡ. ಆಮೇಲೆ ಆ ಪಿಸುದನಿಯಲ್ಲಿ ಹೇಳಿದ: "ನನಗೂ ಅದೇ ಬೇಕಾಗಿತ್ತು. ಅಲ್ಲಿ ಕತ್ತಲಲ್ಲಿ ಬೆರಳಾಡಿಸಿದರೆ ಸೆಳೆತ, ಸೊಳ್ಳೆ ಕೂತರೆ ಸೆಳೆತ. ಅಲುಗದೆ ಬಿದ್ದಿದ್ದರೆ ಬದುಕು. ಮೈ ಅದನ್ನ ಕಲಿತುಬಿಟ್ಟಿದೆ ಕಣೋ ಸೀನ. ಈಗಲೂ ಎದ್ದು ನಿಂತರೆ ಎದೆ ಹೊಡ್ಕೊಳುತ್ತೆ, ದವಡೆ ಹಿಡೀತಾ ಇದೆ ಅನ್ಸುತ್ತೆ. ಕೂತರೆ ನಿಲ್ಲುತ್ತೆ. ನೀನು ಸೋಮಾರಿತನ ಅಂದೆ. ನನಗೆ ಭಯ."

ನನ್ನ ಅಷ್ಟು ಅಂಶಗಳಲ್ಲಿ ಇದೊಂದು ಇರಲಿಲ್ಲ. ಅವನನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ನಿನ್ನೆ ಎದ್ದೆಯಲ್ಲ?"

"ನಿನ್ನೆ ದವಡೆ ಮರೆತೇಹೋಗಿತ್ತು. ನಿನ್ನ ಕತ್ತು ಹಿಸುಕೋದೊಂದೇ ನೆನಪಿತ್ತು." ಅವನ ತುಟಿ ಓರೆಯಾಯಿತು. "ದಿನಾ ಬೆಳಿಗ್ಗೆ ರೈಲಿಗೆ ಲೇಟಾಯ್ತು ಅಂತ ಓಡ್ತೀಯಲ್ಲ, ಆ ಚಪ್ಪಲಿ ಸದ್ದು ಕೇಳಿದರೆ ನಿನ್ನ ಕಾಲು ಮುರೀಬೇಕು ಅನ್ಸುತ್ತೆ. ರೇಡಿಯೋ ಜೋರು ಮಾಡೋದು ಅದಕ್ಕೇ."

ನನಗೆ ನಗು ಬಂತು. ಹುಟ್ಟಿದಾಗಿನಿಂದ ನನ್ನೊಬ್ಬನದೇ ಅಂದುಕೊಂಡಿದ್ದ ರೋಗ ಇವನಿಗೂ ಇತ್ತಲ್ಲ!

ಅಂದಿನಿಂದ ದೊಡ್ಡಮ್ಮ ನೀರಿಗೆ ಹೋದಾಗಲೆಲ್ಲ ಕದ ಮುಂದೆ ಮಾಡಿ, ಅವನು ಮಗ್ಗದ ಕಂಬ ಹಿಡಿದು ನಿಲ್ಲುತ್ತಿದ್ದ. ಹಿಮ್ಮಡಿ ಕೆಳಗಿಳಿಯಲೆಂದು ನಾನು ಅವನ ಪಾದದ ಮೇಲೆ ನನ್ನ ಪಾದವಿಟ್ಟು ಒತ್ತುತ್ತಿದ್ದೆ. "ಹಳೇ ಸೇಡೆಲ್ಲ ಒಂದೇ ದಿನ ತೀರಿಸಬೇಡ್ವೋ!" ಎಂದು ಹಲ್ಲು ಕಚ್ಚುತ್ತಿದ್ದ. ಎದೆ ಹೊಡೆದುಕೊಂಡು ಮುಖ ಬಿಳಿಚಿದಾಗ ನಾನು ಅವನ ಯಾವುದಾದರೂ ಹಳೆಯ ಮಾತನ್ನು ಬೇಕೆಂದೇ ತಪ್ಪಾಗಿ ಹೇಳುತ್ತಿದ್ದೆ. ತಿದ್ದುವ ಹಟದಲ್ಲಿ ಇನ್ನೊಂದು ನಿಮಿಷ ನಿಲ್ಲುತ್ತಿದ್ದ. ಹತ್ತು ಹೆಜ್ಜೆ, ಇಪ್ಪತ್ತು, ನಡುಮನೆಗೆ ಎರಡು ಸುತ್ತು. ಆದರೆ ಕದದ ಹಿಂದೆ ಕದ್ದು ಎಷ್ಟು ದಿನ? ಆಣೆ ಹಾಕಿದವಳನ್ನು ಒಪ್ಪಿಸುವುದು ಹೇಗೆ?

"ವಾದ ಬೇಡ," ಅಂದ ಗಂಗ. "ನಿನ್ನ ವಾದ ಅಂತೂ ಬೇಡವೇ ಬೇಡ. ಕುಂಚ ಹಿಡೀತೀನಿ."

ಧನುರ್ಮಾಸದ ಒಂದು ಬೆಳಗು ನಮ್ಮ ಹಾಸು ಬೀದಿಗೆ ಬಂತು. ಮಂಜಿನಲ್ಲಿ ನೂಲು ತಂತಿಯ ಹಾಗೆ ಹೊಳೆಯುತ್ತಿತ್ತು, ಬಾನಿಯಲ್ಲಿ ಗಂಜಿ ಹಬೆಯಾಡುತ್ತಿತ್ತು. ನೋಡಲು ಆಸೆ ಅಂದನೆಂದು ಗಂಗನ ಕುರ್ಚಿಯನ್ನು ಹಾಸಿನ ತುದಿಗೇ ತಂದು ಹಾಕಿದ್ದರು. ಆ ಕಡೆ ಹಿಡಿಯಬೇಕಿದ್ದವರು ನಮ್ಮಪ್ಪ, ಈ ಕಡೆ ನಾನು. ಅಪ್ಪ ಪಂಚೆ ಎತ್ತಿ ಕಟ್ಟಲು ಕುಂಚದ ಹಿಡಿ ಬಿಟ್ಟರು, ಅಷ್ಟೇ. ಗಂಗ ಎದ್ದು ಅದನ್ನು ಹಿಡಿದ. ನಾನು ಕುಂಚವನ್ನು ಹಾಸಿನ ಮೇಲೆ ಇಳಿಸಿಬಿಟ್ಟೆ. ಗಂಜಿ ಎಳೆಗೆ ತಾಗಿತು.

"ಅಯ್ಯೋ, ಮಗಾ!" ದೊಡ್ಡಮ್ಮ ಜಗಲಿಯಿಂದ ಹಾರಿದಳು.

"ನಿಂತ್ಕೊಳ್ಳೇ!" ಎಂದರು ದೊಡ್ಡಪ್ಪ. ಬೇರೆ ಏನು ಹೇಳಬಲ್ಲರು? ಕುಂಚ ಇಟ್ಟಾಗಿತ್ತು. ಅದನ್ನು ಬಿಡಿಸುವ ಕಾಯಿದೆ ನಮ್ಮ ಬೀದಿಯಲ್ಲಿ ಇರಲಿಲ್ಲ. ದೊಡ್ಡಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹಾಸಿನ ಪಕ್ಕದಲ್ಲೇ, ನಮ್ಮ ಹೆಜ್ಜೆಗೆ ಹೆಜ್ಜೆ ಹಾಕಿ ಬಂದಳು. ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಅವನ ಎಡಗಾಲು ಬೆರಳ ಮೇಲೆ ಇಳಿದು, ತಡೆದು, ಆಮೇಲೆ ಮುಂದೆ ಬರುತ್ತಿತ್ತು. ನಾನು ಅದನ್ನು ನೋಡಿಕೊಂಡು ನನ್ನ ಕಾಲು ಎತ್ತುತ್ತಿದ್ದೆ. ಅರ್ಧ ಬೀದಿಗೆ ಅವನ ಹಣೆಯಲ್ಲಿ ನೀರಿಳಿಯಿತು, ದವಡೆ ನಡುಗತೊಡಗಿತು. ಇಡೀ ಬೀದಿಯ ಕಣ್ಣು ಅವನ ಮೇಲಿತ್ತು. ಈ ಕಡೆ ಒಬ್ಬನಿದ್ದಾನೆಂದು ಯಾರಿಗೂ ನೆನಪಿರಲಿಲ್ಲ. ನಿಜ ಹೇಳುತ್ತೇನೆ, ಆಗಲೂ ಉರಿಯಿತು. ಅರ್ಧ ಹೆಜ್ಜೆ ಮುಂದಿಟ್ಟರೆ ಸಾಕು, ಅವನು ಬೀಳುತ್ತಾನೆ. ಕಾಲಿಗೆ ಆ ಯೋಚನೆ ಬಂದು ಹೋಯಿತು. ನಾನು ಹೆಜ್ಜೆಯನ್ನು ಇನ್ನೂ ಮೊಟಕು ಮಾಡಿದೆ.

ಕುಂಚ ಹಿಡಿದವನು ಮಾತಾಡಬಾರದು. ಆದರೂ ತುಟಿ ಅಲುಗಿಸದೆ ಹೇಳಿದೆ: "ಹಸಿವಿಲ್ಲದವನ ಕೈಯಲ್ಲಿ ನೇಯ್ದ ಬಟ್ಟೆಗೆ ಮರ್ಯಾದೆ ಮುಚ್ಚುವುದು ಗೊತ್ತೇ?"

"ಮಾನ," ಎಂದು ಅವನು ಹಲ್ಲಿನ ನಡುವೆ ಬುಸುಗುಟ್ಟಿದ. ದವಡೆ ಬಿಟ್ಟುಕೊಂಡಿತು. ಆ ತುದಿ ಮುಟ್ಟಿದೆವು. ಒಂದು ಎಳೆ ಹರಿದಿರಲಿಲ್ಲ.

ದೊಡ್ಡಮ್ಮ ಅವನನ್ನು ತಬ್ಬಿ ಅತ್ತಳು. ಆಮೇಲೆ ನನ್ನ ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ನನ್ನನ್ನೂ ತಬ್ಬಿದಳು. ಯಾವುದು ಯಾತಕ್ಕೆ ಎಂದು ನಾನು ಕೇಳಲಿಲ್ಲ. ದೊಡ್ಡಪ್ಪ ಮರುದಿನ ಗಂಟೆಯ ಹಗ್ಗ ಬಿಚ್ಚಿದರು. ನನ್ನ ದಾರವನ್ನು ನಾನೇ ಬಿಚ್ಚಿದೆ. ಅವನು ಮೊದಲು ಜಗಲಿ ತನಕ, ಆಮೇಲೆ ಬೀದಿಯ ಕೊನೆ ತನಕ ಗೋಡೆ ಹಿಡಿದು ನಡೆಯತೊಡಗಿದ. ಸಂಜೆಯಾದರೆ ಮತ್ತೆ ಕುರ್ಚಿಗೆ ಬೀಳುತ್ತಿದ್ದ. ಕೆಲವು ದಿನ ಭಯ ಗೆಲ್ಲುತ್ತಿತ್ತು, ಕೆಲವು ದಿನ ಇವನು.

ಮೇಷ್ಟ್ರಿಗೆ ನಿಜ ಹೇಳಿದೆ. ಅವರು ಬೈದರು, ಆದರೆ ಹೆಸರು ಕಳಿಸಿಯಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಆ ಹೊಸ ಹುಡುಗನ ಜೊತೆ ಸ್ಪರ್ಧೆಗೆ ಹೋದೆ. ಗಂಗನ ಮಾತನ್ನು ಅವನು ಕಲಿಸಿದ ಹಾಗೇ, ಮಾನ ಎನ್ನುವ ಕಡೆ ನಿಲ್ಲಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಷೀಲ್ಡು ಬೇರೆ ಕಾಲೇಜಿಗೆ ಹೋಯಿತು, ನನಗೆ ಎರಡನೇ ಬಹುಮಾನ, ಸಣ್ಣದೊಂದು ಬಟ್ಟಲು.

ಸಂಜೆ ರೈಲಿಳಿದರೆ ದೊಡ್ಡಬಳ್ಳಾಪುರದ ಪ್ಲಾಟ್‌ಫಾರಂ ಮೇಲೆ, ಕಲ್ಲುಬೆಂಚಿನ ಪಕ್ಕ ಒಬ್ಬ ನಿಂತಿದ್ದ. ಬೆಂಚು ಖಾಲಿಯಿತ್ತು. ಅವನು ನಿಂತೇ ಇದ್ದ. ನಮ್ಮ ಬೀದಿಯಿಂದ ಸ್ಟೇಷನ್ನಿಗೆ ಒಂದು ಮೈಲಿಗೆ ಕಡಿಮೆಯಿಲ್ಲ. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಎಡಗಾಲು ಥರಥರ ನಡುಗುತ್ತಿತ್ತು.

"ಒಬ್ಬನೇ ಬಂದ್ಯಾ? ನಡ್ಕೊಂಡು?"

ಅವನ ಕಣ್ಣು ನನ್ನ ಕೈಯ ಬಟ್ಟಲಿನ ಮೇಲಿತ್ತು. ಮನೆಯಲ್ಲಿ ಕೂತು ನನ್ನ ಬಾಯಿಂದ ಕೇಳುವಷ್ಟು ತಾಳ್ಮೆ ಅವನಿಗೆ ಇರಲಿಲ್ಲ.

"ಗೆದ್ಯಾ?"

"ಎರಡನೇದು."

ಅವನ ಮುಖ ಅರಳಿತು. ಮುಚ್ಚಿಕೊಳ್ಳಲು ನೋಡಿದ, ಆಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ಬಣ್ಣ ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಬಾದಾಮಿ ಹಾಲು ಮೂರು ತಿಂಗಳಲ್ಲಿ ಮಾಡದ ಕೆಲಸವನ್ನು ನನ್ನ ಸೋಲು ಒಂದು ಗಳಿಗೆಯಲ್ಲಿ ಮಾಡಿತ್ತು.

"ಜಟಕಾ ಮಾಡ್ತೀನಿ ಇರು," ಅಂದೆ.

"ಬೇಡ," ಎಂದು ಅವನು ಆಗಲೇ ಗೇಟಿನ ಕಡೆ ತಿರುಗಿದ್ದ. "ನೀನು ಬೇಕಾದರೆ ಹತ್ಕೊಂಡು ಬಾ."

ಹತ್ತಲಿಲ್ಲ. ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ನಡೆದೆ. ಅವನು ನನಗಿಂತ ಅರ್ಧ ಹೆಜ್ಜೆ ಮುಂದಿದ್ದ, ಕಾಲೆಳೆದುಕೊಂಡು, ನನ್ನನ್ನು ಮುಂದೆ ಬಿಡಬಾರದೆಂಬ ಹಟದಲ್ಲಿ. ನಮ್ಮ ನಡುವೆ ಕುಂಚವಿರಲಿಲ್ಲ, ಹರಿಯುವ ಎಳೆಯೂ ಇರಲಿಲ್ಲ. ಊರ ತನಕ ಅವನನ್ನು ಮುಂದೆಯೇ ಬಿಟ್ಟೆ.